ಗಾಜಿನೊಳಗಿನ ಮಳೆ

ಆಳಂದ, ಅಫಜಲಪುರ, ಜೇವರ್ಗಿಯ ಎರೆ ಭೂಮಿಯವರಾದ ನಮಗೆ ನೀರಿನ ಎರಡು ಮುಖಗಳೂ ಗೊತ್ತು. ಬೇಸಿಗೆಯಲ್ಲಿ ಬಾಯಿ ಬಿಡುವ ಇದೇ ನೆಲ, ಮಳೆ ಹೆಚ್ಚಾದರೆ ನೀರನ್ನು ಹಿಡಿದಿಟ್ಟು ತೊಗರಿಯ ಬೇರು ಕೊಳೆಸುತ್ತದೆ. ನೀರಿಲ್ಲದೆ ಸಾಯುವ ಗಿಡದಂತೆ ನಿಂತ ನೀರಿನಿಂದ ಸಾಯುವ ಗಿಡವೂ ಇದೆ. ಮನೆಯಲ್ಲಿ ಗಾಜಿನ ತೋಟ ಮಾಡಲು ಹೊರಟಾಗ ನಾವು ಈ ಪಾಠವನ್ನು ಮತ್ತೆ ಕಲಿತೆವು.

ಗಾಜಿನ ತೋಟದ ಚರಿತ್ರೆ ಆಕಸ್ಮಿಕವಾಗಿ ಶುರುವಾಯಿತು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್‌ರ ಹಿತ್ತಲಿನ ಜರೀಗಿಡಗಳು ಕಲ್ಲಿದ್ದಲ ಹೊಗೆಗೆ ಬಾಡುತ್ತಿದ್ದವು. 1829ರಲ್ಲಿ ಅವರು ಪತಂಗದ ಕೋಶವೊಂದನ್ನು ಹಸಿ ಮಣ್ಣಿನೊಡನೆ ಬಾಟಲಿಯಲ್ಲಿ ಮುಚ್ಚಿಟ್ಟರು. ಕೆಲ ದಿನಗಳಲ್ಲಿ ಆ ಮಣ್ಣಿನಿಂದ ಜರೀಗಿಡವೂ ಹುಲ್ಲೂ ಮೊಳೆತವು. ಹಗಲು ಮೇಲೇರಿದ ಆವಿ ಗಾಜಿಗೆ ತಾಗಿ ಹನಿಯಾಗಿ ಮಣ್ಣಿಗೇ ಇಳಿಯುತ್ತಿತ್ತು. 1833ರಲ್ಲಿ ಇಂಥ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳು ಹಡಗೇರಿ ಸಿಡ್ನಿಯನ್ನು ಜೀವಂತವಾಗಿ ತಲುಪಿದವು.

ಆಮೇಲೆ ಈ ಪೆಟ್ಟಿಗೆ ಸಾಮ್ರಾಜ್ಯದ ಸಾಧನವಾಯಿತು. ಚೀನಾದ ಚಹಾ ಸಸಿಗಳು ಹಿಮಾಲಯದ ತಪ್ಪಲಿಗೆ ಬಂದವು. ಕ್ವಿನೈನ್ ಕೊಡುವ ಸಿಂಕೋನಾ ಸಸಿಗಳು 1861ರಲ್ಲಿ ನೀಲಗಿರಿಗೆ ತಲುಪಿದವು. ಮಲೇರಿಯಾಕ್ಕೆ ಮದ್ದು ಸಿಕ್ಕಿದ್ದು ಒಳ್ಳೆಯದೇ. ಆದರೆ ಆ ಮರದ ತವರಾದ ಆಂಡೀಸ್ ನಾಡಿನ ವ್ಯಾಪಾರ ಕ್ರಮೇಣ ಕುಸಿದದ್ದನ್ನೂ ಮರೆಯಬಾರದು.

ನೀರಿಗೆ ದಾರಿ ಮಾಡಿಕೊಡುವ ವಿದ್ಯೆಗೆ ನಾವು ಲಂಡನ್ನಿಗೆ ಹೋಗಬೇಕಿಲ್ಲ. 15ನೇ ಶತಮಾನದಲ್ಲಿ ಬಹಮನಿಗಳು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದರು. ಅಲ್ಲಿನ ನೌಬಾದಿನಲ್ಲಿ ಜಂಬಿಟ್ಟಿಗೆ ಕಲ್ಲು ಕೊರೆದು, ಇರಾನಿನ ಮಾದರಿಯಲ್ಲಿ, ಭೂಗತ ಕಾಲುವೆಯಾದ ಕರೇಜ್ ಮಾಡಲಾಯಿತು. ನೆಲದೊಳಗೆ ಜಿನುಗಿದ ನೀರು ಸಣ್ಣ ಇಳಿಜಾರಿನಲ್ಲಿ ತಾನಾಗಿ ಹರಿಯುತ್ತಿತ್ತು. ಮೇಲಿನ ಬಾವಿಗಳ ಸಾಲು ಅದಕ್ಕೆ ಗಾಳಿ ಬೆಳಕು ಕೊಡುತ್ತಿತ್ತು. ಹೂಳು ತುಂಬಿ ಮರೆತುಹೋಗಿದ್ದ ಈ ಕಾಲುವೆ 2010ರ ದಶಕದಲ್ಲಿ ಮತ್ತೆ ಜನರ ಕಣ್ಣಿಗೆ ಬಿತ್ತು.

ನಮ್ಮ ಮೊದಲ ತೋಟ ಕೆಟ್ಟಿತು. ಮೀನಿನ ಪೆಟ್ಟಿಗೆಗೆ ಎರೆ ಮಣ್ಣು ತುಂಬಿ, ದಿನವೂ ನೀರು ಹಾಕಿದೆವು. ತಿಂಗಳೊಳಗೆ ಬೇರು ಕೊಳೆತು ನಾರಿತು. ಎರಡನೇ ಸಲ ತಳದಲ್ಲಿ ಎರಡು ಅಂಗುಲ ಜಲ್ಲಿಕಲ್ಲು, ಅದರ ಮೇಲೆ ಸೊಳ್ಳೆ ಪರದೆಯ ತುಂಡು, ಇದ್ದಿಲ ಪುಡಿ, ತೆಂಗಿನ ನಾರು ಬೆರೆಸಿದ ಸಡಿಲ ಮಣ್ಣು ಹಾಕಿದೆವು. ಒಂದು ಮೂಲೆಯಲ್ಲಿ ಪುಟ್ಟ ಪಂಪನ್ನಿಟ್ಟು, ತಳಕ್ಕಿಳಿದ ನೀರನ್ನು ಸಣ್ಣ ಕೊಳವೆಯಿಂದ ಮೇಲೆತ್ತಿ ಹನಿಸಿದೆವು. ಹೆಚ್ಚಾದ ನೀರಿಗೆ ತಳದಲ್ಲೊಂದು ನಲ್ಲಿ ಕೂರಿಸಿದೆವು. ನಮ್ಮ ಕಡೆಯ ಬಿಸಿಲಿಗೆ ಗಾಜು ಒಲೆಯಾಗುತ್ತದೆ, ಆದ್ದರಿಂದ ಪೆಟ್ಟಿಗೆಯನ್ನು ನೆರಳಿನಲ್ಲಿಟ್ಟೆವು. ಈಗ ಜರೀಗಿಡ ಹಸಿರಾಗಿದೆ.

ನೀರು ಸಿಕ್ಕರೆ ಸಾಲದು, ಹೋಗಲು ದಾರಿಯೂ ಬೇಕು. ಹಳ್ಳ ಮುಚ್ಚಿ ಮನೆ ಕಟ್ಟುವವರೂ, ಬದುವಿನ ಕಾಲುವೆ ಉತ್ತು ಹಾಕುವವರೂ ನಮ್ಮಲ್ಲೇ ಇದ್ದೇವೆ. ಆರು ಶತಮಾನದ ಹಿಂದೆ ಕಲ್ಲು ಕೊರೆದವರು ನೀರಿಗೆ ಬಿಟ್ಟಷ್ಟು ಜಾಗವನ್ನಾದರೂ ನಾವು ಬಿಡಬೇಡವೇ?