ಗೋಪುರದ ಮೇಲಿನ ನಿಸ್ತಂತು ಅಂತರಜಾಲ ಉಪಕರಣಗಳ ವಿದ್ಯುತ್ ಪೂರೈಕೆ ಮತ್ತು ಸಮಯ ಹೊಂದಾಣಿಕೆ: ದೇರೆಬೈಲ್ ಪ್ರದೇಶದ ಅರ್ಜಿದಾರರಿಗೆ ಮಾಹಿತಿ

1. ಉದ್ದೇಶ

ಮಂಗಳೂರು ಮಹಾನಗರಪಾಲಿಕೆಯ ವ್ಯಾಪ್ತಿಗೆ ಸೇರಿದ ದೇರೆಬೈಲ್ ಪ್ರದೇಶದಲ್ಲಿ ನಿಸ್ತಂತು ಅಂತರಜಾಲ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವವರು, ಸೇವಾದಾರರ ಗೋಪುರಕ್ಕೆ ತಮ್ಮ ನಿವೇಶನ ಅಥವಾ ಕಟ್ಟಡದ ತಾರಸಿಯನ್ನು ಬಾಡಿಗೆಗೆ ನೀಡಲಿಚ್ಛಿಸುವವರು ಹಾಗೂ ಸಣ್ಣ ಪ್ರಮಾಣದ ಸೇವಾದಾರರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಗೋಪುರದ ಮೇಲಿರುವ ರೇಡಿಯೋಗಳು ಸರಿಯಾಗಿ ಕೆಲಸ ಮಾಡಲು ಎರಡು ಆಧಾರಗಳು ಬೇಕು: ಒಂದು, ತಡೆಯಿಲ್ಲದ ವಿದ್ಯುತ್ತು, ಇನ್ನೊಂದು, ಎಲ್ಲ ರೇಡಿಯೋಗಳಿಗೂ ಸಮಾನವಾದ ಗಡಿಯಾರ. ಇವೆರಡನ್ನೂ ಬೇರೆ ಬೇರೆಯಾಗಿ ನೋಡದೆ ಒಟ್ಟಾಗಿ ಯೋಜಿಸುವುದು ಅಗತ್ಯ.

2. ಗೋಪುರಕ್ಕೆ ವಿದ್ಯುತ್ ಸಂಪರ್ಕ

ಈ ಪ್ರದೇಶಕ್ಕೆ ವಿದ್ಯುತ್ ಸರಬರಾಜು ಮಾಡುವುದು ಮಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅಂದರೆ ಮೆಸ್ಕಾಂ. ಗೋಪುರದ ಉಪಕರಣಗಳಿಗೆ ಸೇವಾದಾರರ ಹೆಸರಿನಲ್ಲಿ ಪ್ರತ್ಯೇಕ ಸಂಪರ್ಕ ಹಾಗೂ ಪ್ರತ್ಯೇಕ ಮೀಟರ್ ಪಡೆಯುವುದು ಸೂಕ್ತ. ಗೃಹಬಳಕೆಗೆಂದು ಮಂಜೂರಾದ ಸಂಪರ್ಕದಿಂದ ವಾಣಿಜ್ಯ ಉದ್ದೇಶದ ಗೋಪುರಕ್ಕೆ ವಿದ್ಯುತ್ ನೀಡಿದಲ್ಲಿ, ವಿದ್ಯುಚ್ಛಕ್ತಿ ಅಧಿನಿಯಮ 2003ರ ಕಲಂ 126ರ ಪ್ರಕಾರ ಅದನ್ನು ಅನಧಿಕೃತ ಬಳಕೆ ಎಂದು ಪರಿಗಣಿಸಿ ಅನ್ವಯಿಸುವ ದರದ ಎರಡು ಪಟ್ಟು ಶುಲ್ಕ ವಿಧಿಸಲು ಅವಕಾಶವಿದೆ. ಸಂಪರ್ಕ ಮನೆಯ ಮಾಲೀಕರ ಹೆಸರಿನಲ್ಲಿರುವುದರಿಂದ ಬಿಲ್ಲೂ ಅವರ ಹೆಸರಿಗೇ ಬರುತ್ತದೆ ಎಂಬುದನ್ನು ತಾರಸಿ ಬಾಡಿಗೆಗೆ ಕೊಡುವವರು ಗಮನಿಸಬೇಕು. ವೈರಿಂಗ್ ಕೆಲಸವನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು.

3. ಕೆಳಗಿನಿಂದ ಮೇಲಕ್ಕೆ ವಿದ್ಯುತ್ ಸಾಗುವ ಬಗೆ

ಗೋಪುರದ ತುದಿಯಲ್ಲಿರುವ ರೇಡಿಯೋಗೆ 230 ವೋಲ್ಟ್ ವಿದ್ಯುತ್ತನ್ನು ಒಯ್ಯುವುದಿಲ್ಲ. ಮಾಹಿತಿ ಸಾಗಿಸುವ ಈಥರ್‌ನೆಟ್ ಕೇಬಲ್‌ನಲ್ಲಿಯೇ ಕಡಿಮೆ ವೋಲ್ಟೇಜಿನ ನೇರ ವಿದ್ಯುತ್ತನ್ನು ಕಳುಹಿಸಲಾಗುತ್ತದೆ. ಈ ಪದ್ಧತಿಗೆ ಪಿ.ಒ.ಇ. ಎಂದು ಹೆಸರು. ಇದರಲ್ಲಿ ಎರಡು ಬಗೆಗಳಿವೆ.

ಅ) ಪ್ರಮಾಣಿತ ಬಗೆ: ಐ.ಇ.ಇ.ಇ. ಸಂಸ್ಥೆಯ 802.3 ಮಾನದಂಡಗಳಂತೆ ಕೆಲಸ ಮಾಡುತ್ತದೆ. 2003ರ ಮಾನದಂಡದಲ್ಲಿ 15.4 ವ್ಯಾಟ್, 2009ರದರಲ್ಲಿ 30 ವ್ಯಾಟ್, 2018ರದರಲ್ಲಿ 90 ವ್ಯಾಟ್‌ವರೆಗೆ ಪೂರೈಕೆ ಸಾಧ್ಯ. ಕೇಬಲ್‌ನ ಆ ತುದಿಯಲ್ಲಿರುವ ಉಪಕರಣ ಯೋಗ್ಯವೇ ಎಂದು ಪರೀಕ್ಷಿಸಿದ ನಂತರವೇ ವಿದ್ಯುತ್ ಹರಿಯುತ್ತದೆ.

ಆ) ಪರೀಕ್ಷೆಯಿಲ್ಲದ ಬಗೆ: 24 ಅಥವಾ 48 ವೋಲ್ಟ್ ವಿದ್ಯುತ್ ಸದಾ ಹರಿಯುತ್ತಿರುತ್ತದೆ. 24 ವೋಲ್ಟ್ ಉಪಕರಣಕ್ಕೆ 48 ವೋಲ್ಟ್ ಪೂರೈಕೆ ಜೋಡಿಸಿದರೆ ಉಪಕರಣ ಸುಟ್ಟುಹೋಗಬಹುದು. ಆದ್ದರಿಂದ ಪ್ರತಿಯೊಂದು ಕೇಬಲ್‌ನ ತುದಿಯಲ್ಲಿ ವೋಲ್ಟೇಜ್ ನಮೂದಿಸಿದ ಚೀಟಿ ಅಂಟಿಸುವುದು ಒಳ್ಳೆಯದು.

ಈಥರ್‌ನೆಟ್ ಕೇಬಲ್‌ನ ಉದ್ದ 100 ಮೀಟರ್ ಮೀರಬಾರದು. ಉದ್ದ ಹೆಚ್ಚಿದಂತೆ ವೋಲ್ಟೇಜ್ ಕುಸಿಯುತ್ತದೆ. ಉದಾಹರಣೆಗೆ, 60 ಮೀಟರ್ ಉದ್ದದ ಸಾಮಾನ್ಯ ತಾಮ್ರದ ಕೇಬಲ್‌ನಲ್ಲಿ 12 ವ್ಯಾಟ್ ರೇಡಿಯೋ ನಡೆಸಿದಾಗ 24 ವೋಲ್ಟ್ ಪೂರೈಕೆಯಲ್ಲಿ ಸುಮಾರು 3 ವೋಲ್ಟ್, 48 ವೋಲ್ಟ್ ಪೂರೈಕೆಯಲ್ಲಿ ಸುಮಾರು 1.3 ವೋಲ್ಟ್ ದಾರಿಯಲ್ಲಿ ನಷ್ಟವಾಗುತ್ತದೆ. ಕೇಬಲ್‌ನಲ್ಲಿ ವ್ಯರ್ಥವಾಗುವ ಶಕ್ತಿಯು ಎರಡನೆಯದರಲ್ಲಿ ಮೊದಲನೆಯದರ ಸುಮಾರು ಐದನೇ ಒಂದು ಭಾಗ ಮಾತ್ರ. ಎತ್ತರದ ಗೋಪುರಗಳಿಗೆ 48 ವೋಲ್ಟ್ ಸೂಕ್ತವೆನ್ನುವುದು ಈ ಕಾರಣದಿಂದ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್‌ಗಳನ್ನು ಈ ಕೆಲಸಕ್ಕೆ ಬಳಸಬಾರದು.

4. ವಿದ್ಯುತ್ ಹೋದಾಗ: ಬ್ಯಾಟರಿಯ ಲೆಕ್ಕ

ನಾಲ್ಕು ರೇಡಿಯೋಗಳು ತಲಾ 12 ವ್ಯಾಟ್ ಹಾಗೂ ಒಂದು ಸ್ವಿಚ್ 12 ವ್ಯಾಟ್ ಬಳಸುತ್ತವೆ ಎಂದಿಟ್ಟುಕೊಂಡರೆ ಒಟ್ಟು 60 ವ್ಯಾಟ್. 48 ವೋಲ್ಟ್, 20 ಆಂಪಿಯರ್-ಗಂಟೆಯ ಬ್ಯಾಟರಿ ಸಮೂಹದಲ್ಲಿ 960 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಸೀಸ-ಆಮ್ಲದ ಬ್ಯಾಟರಿಯು ಬಹುಕಾಲ ಬಾಳಬೇಕಾದರೆ ಅದರ ಅರ್ಧದಷ್ಟನ್ನು ಮಾತ್ರ ಬಳಸುವುದು ಲೇಸು. ಹಾಗಾದರೆ ದೊರೆಯುವುದು 480 ವ್ಯಾಟ್-ಗಂಟೆ, ಅಂದರೆ 8 ಗಂಟೆ. ಪರಿವರ್ತನೆಯ ನಷ್ಟ ಕಳೆದರೆ ಸುಮಾರು 7 ಗಂಟೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದರೆ ದುರಸ್ತಿಗೆ ಇದಕ್ಕಿಂತ ಹೆಚ್ಚು ಸಮಯ ಬೇಕಾಗಬಹುದು. ನೀವು ಅರ್ಜಿ ಸಲ್ಲಿಸುವಾಗ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ಅದನ್ನು ಯಾವಾಗ ಪರೀಕ್ಷಿಸಲಾಗಿದೆ ಎಂದು ಸೇವಾದಾರರನ್ನು ಕೇಳಲು ಹಿಂಜರಿಯಬೇಡಿ.

5. ಸಿಡಿಲು ಮತ್ತು ಭೂಸಂಪರ್ಕ

ಕರಾವಳಿಯಲ್ಲಿ ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ತಿಂಗಳುಗಳಲ್ಲಿಯೂ, ಮಳೆ ಹಿಂದೆ ಸರಿಯುವ ಅಕ್ಟೋಬರ್-ನವೆಂಬರ್‌ನಲ್ಲಿಯೂ ಗುಡುಗು ಸಿಡಿಲು ಹೆಚ್ಚು. ತಾರಸಿಯ ಮೇಲಿನ ಲೋಹದ ಗೋಪುರವೇ ಆ ಸುತ್ತಿನಲ್ಲಿ ಎತ್ತರದ ವಸ್ತುವಾಗಿದ್ದಲ್ಲಿ ಅದರ ಕೆಳಗೆ ವಾಸಿಸುವವರ ಸುರಕ್ಷತೆ ಭೂಸಂಪರ್ಕದ ಮೇಲೆ ನಿಂತಿರುತ್ತದೆ. ಭೂಸಂಪರ್ಕದ ಕ್ರಮಗಳನ್ನು ಭಾರತೀಯ ಮಾನಕ 3043ರಲ್ಲಿ ವಿವರಿಸಲಾಗಿದೆ. ಕೆಳಗಿನ ಅಂಶಗಳನ್ನು ಪಾಲಿಸತಕ್ಕದ್ದು:

• ಸಿಡಿಲು ವಾಹಕದ ತುದಿಯು ಎಲ್ಲ ಆಂಟೆನಾಗಳಿಗಿಂತ ಮೇಲಿರಬೇಕು.
• ಸಿಡಿಲು ವಾಹಕ, ಗೋಪುರದ ಲೋಹ, ಉಪಕರಣಗಳು ಹಾಗೂ ಕಟ್ಟಡದ ವೈರಿಂಗ್, ಇವುಗಳ ಭೂಸಂಪರ್ಕಗಳನ್ನು ಪರಸ್ಪರ ಜೋಡಿಸಬೇಕು. ಪ್ರತ್ಯೇಕವಾಗಿ ಬಿಟ್ಟಲ್ಲಿ ಸಿಡಿಲಿನ ಸಮಯದಲ್ಲಿ ಅವುಗಳ ನಡುವೆ ಅಪಾಯಕಾರಿ ವೋಲ್ಟೇಜ್ ಉಂಟಾಗುತ್ತದೆ.
• ಒಣಗಿದ ಮುರಕಲ್ಲಿನ ನೆಲವು ವಿದ್ಯುತ್ತನ್ನು ಸುಲಭವಾಗಿ ಹೀರುವುದಿಲ್ಲ. ಆದ್ದರಿಂದ ಭೂಸಂಪರ್ಕದ ರೋಧವನ್ನು ಮಳೆಗಾಲದಲ್ಲಲ್ಲ, ಬೇಸಗೆಯ ಕೊನೆಯಲ್ಲಿ ಅಳೆಯಬೇಕು. ಅದು 10 ಓಮ್‌ಗಿಂತ ಕಡಿಮೆ ಇರುವುದು ಅಪೇಕ್ಷಣೀಯ.
• ಕೇಬಲ್ ಕಟ್ಟಡದೊಳಕ್ಕೆ ಪ್ರವೇಶಿಸುವಲ್ಲಿ ಸರ್ಜ್ ರಕ್ಷಕ ಅಳವಡಿಸಬೇಕು. ಕಡಲ ಗಾಳಿಯ ಉಪ್ಪಿನಿಂದ ಜೋಡಣೆಗಳು ತುಕ್ಕು ಹಿಡಿಯುವುದರಿಂದ ವರ್ಷಕ್ಕೊಮ್ಮೆ ಪರಿಶೀಲನೆ ಅಗತ್ಯ.

6. ಸಮಯ ಹೊಂದಾಣಿಕೆ ಎಂದರೇನು?

ಇಂತಹ ಬಹುಪಾಲು ರೇಡಿಯೋಗಳು ಒಂದೇ ತರಂಗಾಂತರದಲ್ಲಿ ಒಂದಿಷ್ಟು ಹೊತ್ತು ಮಾತನಾಡಿ ಇನ್ನೊಂದಿಷ್ಟು ಹೊತ್ತು ಕೇಳಿಸಿಕೊಳ್ಳುತ್ತವೆ. ಈ ಸರದಿಯು ಸೆಕೆಂಡಿಗೆ ನೂರಾರು ಬಾರಿ ಬದಲಾಗುತ್ತದೆ. ಒಂದೇ ಗೋಪುರದಲ್ಲಿ ಒಂದು ರೇಡಿಯೋ ದೂರದ ಮನೆಯಿಂದ ಬರುವ ಕ್ಷೀಣ ಸಂಕೇತವನ್ನು ಕೇಳುತ್ತಿರುವಾಗ ಪಕ್ಕದ ರೇಡಿಯೋ ಮಾತನಾಡಿದರೆ ಮೊದಲನೆಯದಕ್ಕೆ ಏನೂ ಕೇಳಿಸದು. ಹೊರಹೊಮ್ಮುವ ಸಂಕೇತವು ಒಳಬರುವ ಸಂಕೇತಕ್ಕಿಂತ ನೂರು ಕೋಟಿ ಪಟ್ಟು ಬಲವಾಗಿರುವುದು ಸಾಮಾನ್ಯ. ಆದ್ದರಿಂದ ಎಲ್ಲ ರೇಡಿಯೋಗಳೂ ಒಟ್ಟಿಗೆ ಮಾತನಾಡಿ ಒಟ್ಟಿಗೆ ಕೇಳಬೇಕು. ಇದಕ್ಕೆ ಸಮಾನ ಗಡಿಯಾರ ಬೇಕು. ಜೊತೆಗೆ ಸರದಿಯ ಉದ್ದ ಹಾಗೂ ಮಾತು-ಕೇಳುವಿಕೆಯ ಪಾಲು ಎಲ್ಲದರಲ್ಲಿಯೂ ಒಂದೇ ಆಗಿರಬೇಕು.

ಈ ಗಡಿಯಾರವು ಸಾಮಾನ್ಯವಾಗಿ ಜಿ.ಪಿ.ಎಸ್. ಮುಂತಾದ ಉಪಗ್ರಹಗಳಿಂದ ದೊರೆಯುತ್ತದೆ. ಭಾರತದ ನಾವಿಕ್ ವ್ಯವಸ್ಥೆಗಾಗಿ ಇಸ್ರೋ ಸಂಸ್ಥೆಯು 2013ರಲ್ಲಿ ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿ ಪಥದರ್ಶಕ ಕೇಂದ್ರವನ್ನು ಸ್ಥಾಪಿಸಿದ್ದು, ಅದರ ಕಾಲಮಾಪನ ವ್ಯವಸ್ಥೆಯೂ ಅಲ್ಲಿದೆ. ಉಪಗ್ರಹ ಸಂಕೇತ ದೊರೆಯದ ಕಡೆ ಐ.ಇ.ಇ.ಇ. 1588 ಮಾನದಂಡದಂತೆ ಜಾಲದ ಮೂಲಕವೇ ಸಮಯ ಕಳುಹಿಸಬಹುದು. ಆದರೆ ದಾರಿಯಲ್ಲಿರುವ ಸ್ವಿಚ್‌ಗಳೂ ಅದಕ್ಕೆ ಯೋಗ್ಯವಾಗಿರಬೇಕು.

ಸರದಿ ಹಂಚಿಕೊಳ್ಳುವ 4ಜಿ ಮತ್ತು 5ಜಿ ಜಾಲಗಳಲ್ಲಿ ಸಮಯದ ವ್ಯತ್ಯಾಸ 1.5 ಮೈಕ್ರೋಸೆಕೆಂಡ್ ಮೀರಬಾರದೆಂಬ ಗುರಿಯಿದೆ. ಉಪಗ್ರಹ ಸಂಕೇತ ತಪ್ಪಿದಾಗ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪುವ ಗಡಿಯಾರ ಒಂದೂವರೆ ಸೆಕೆಂಡಿನಲ್ಲಿಯೇ ಈ ಮಿತಿಯನ್ನು ದಾಟುತ್ತದೆ. ನೂರು ಕೋಟಿಯಲ್ಲಿ ಒಂದು ಪಾಲು ತಪ್ಪುವ ಉತ್ತಮ ಗಡಿಯಾರವಾದರೆ 25 ನಿಮಿಷ ತಾಳುತ್ತದೆ.

7. ವಿದ್ಯುತ್ತಿಗೂ ಗಡಿಯಾರಕ್ಕೂ ಇರುವ ಸಂಬಂಧ

ಕೆಲವು ವ್ಯವಸ್ಥೆಗಳಲ್ಲಿ ವಿದ್ಯುತ್ತು, ಮಾಹಿತಿ ಹಾಗೂ ಸಮಯದ ಸಂಕೇತ ಮೂರೂ ಒಂದೇ ಕೇಬಲ್‌ನಲ್ಲಿ ಸಾಗುತ್ತವೆ. ರೇಡಿಯೋಗಳಿಗೆ ಬ್ಯಾಟರಿ ಕೊಟ್ಟು, ಸಮಯ ನೀಡುವ ಉಪಕರಣವನ್ನು ಮಾತ್ರ ನೇರ ವಿದ್ಯುತ್ತಿಗೆ ಜೋಡಿಸಿದ್ದಲ್ಲಿ, ಕರೆಂಟು ಹೋದ ಕೂಡಲೇ ರೇಡಿಯೋಗಳು ಉರಿಯುತ್ತಿದ್ದರೂ ಹೊಂದಾಣಿಕೆ ತಪ್ಪುತ್ತದೆ. ಚಂದಾದಾರರಿಗೆ ಸಂಪರ್ಕ ಇದ್ದಂತೆ ಕಂಡರೂ ವೇಗ ಕುಸಿಯುತ್ತದೆ. ಆದ್ದರಿಂದ ಸಮಯ ನೀಡುವ ಉಪಕರಣಕ್ಕೂ ಅದೇ ಬ್ಯಾಟರಿಯಿಂದ ಪೂರೈಕೆ ಇರತಕ್ಕದ್ದು. ಕರೆಂಟು ಮರಳಿದ ಮೇಲೆ ಉಪಗ್ರಹ ಸಂಕೇತ ಹಿಡಿಯಲು ಕೆಲವು ನಿಮಿಷ ಬೇಕಾಗಬಹುದು. ಅಲ್ಲಿಯವರೆಗೆ ರೇಡಿಯೋ ಮೌನವಾಗಿರುವಂತೆ ಹೊಂದಿಸುವುದು ಸರಿಯಾದ ಕ್ರಮ.

8. ನೆರೆಯ ಸೇವಾದಾರರೊಂದಿಗೆ ಹೊಂದಾಣಿಕೆ

2018ರ ಅಕ್ಟೋಬರ್ ಅಧಿಸೂಚನೆಯಂತೆ 5 ಗಿಗಾಹರ್ಟ್ಸ್ ತರಂಗಪಟ್ಟಿಯ ಭಾಗಗಳಲ್ಲಿ ನಿಗದಿತ ಶಕ್ತಿಮಿತಿಯೊಳಗೆ ತರಂಗ ಪರವಾನಗಿಯಿಲ್ಲದೆ ಉಪಕರಣ ಬಳಸಲು ಅವಕಾಶ ನೀಡಲಾಯಿತು. ಆದರೆ ಹಣ ಪಡೆದು ಅಂತರಜಾಲ ಸೇವೆ ನೀಡಲು ದೂರಸಂಪರ್ಕ ಇಲಾಖೆಯ ಅಧಿಕಾರಪತ್ರ ಬೇಕೇ ಬೇಕು. ಪರವಾನಗಿಮುಕ್ತ ಪಟ್ಟಿಯಲ್ಲಿ ಬೇರೆಯವರ ಅಡಚಣೆಯಿಂದ ರಕ್ಷಣೆ ಕೋರುವ ಹಕ್ಕಿಲ್ಲ. ಅಕ್ಕಪಕ್ಕದ ತಾರಸಿಗಳಲ್ಲಿರುವ ಇಬ್ಬರು ಸೇವಾದಾರರು ಸರದಿಯ ಉದ್ದ ಹಾಗೂ ಪಾಲನ್ನು ಪರಸ್ಪರ ಒಪ್ಪಿಕೊಂಡು ನಡೆಸುವುದು ಇಬ್ಬರ ಚಂದಾದಾರರಿಗೂ ಹಿತಕರ.

9. ಒಪ್ಪಿಗೆ ನೀಡುವ ಮೊದಲು ಮಾಲೀಕರು ಪರಿಶೀಲಿಸಬೇಕಾದ ಅಂಶಗಳು

1) ಸೇವಾದಾರರ ಅಧಿಕಾರಪತ್ರದ ಪ್ರತಿ ಹಾಗೂ ಸ್ಥಳೀಯ ಸಂಸ್ಥೆಯ ಅನುಮತಿ.
2) ಗೋಪುರದ ಭಾರವನ್ನು ಕಟ್ಟಡ ತಾಳುವುದೆಂಬ ಸಂರಚನಾ ಎಂಜಿನಿಯರರ ಪ್ರಮಾಣಪತ್ರ.
3) ಮಂಗಳೂರು ವಿಮಾನ ನಿಲ್ದಾಣ ಸಮೀಪದಲ್ಲಿರುವುದರಿಂದ, 2015ರ ಎತ್ತರ ನಿರ್ಬಂಧ ನಿಯಮಗಳಿಗೆ ಅನುಗುಣವಾದ ಎತ್ತರ.
4) ಪ್ರತ್ಯೇಕ ಮೀಟರ್ ಮತ್ತು ಬಿಲ್ ಪಾವತಿಯ ಹೊಣೆ ಕರಾರಿನಲ್ಲಿ ಸ್ಪಷ್ಟವಾಗಿ ನಮೂದಾಗಿರುವುದು.
5) ಭೂಸಂಪರ್ಕದ ಇತ್ತೀಚಿನ ಪರೀಕ್ಷಾ ವರದಿ ಮತ್ತು ವಾರ್ಷಿಕ ಪರಿಶೀಲನೆಯ ಹೊಣೆ.
6) ಕರಾರು ಮುಗಿದ ಮೇಲೆ ಗೋಪುರ ತೆಗೆಯುವ ಹಾಗೂ ತಾರಸಿ ಸರಿಪಡಿಸುವ ಷರತ್ತು.

10. ಸಾರ್ವಜನಿಕರಿಗೆ ಎಚ್ಚರಿಕೆ

ಗೋಪುರ ಸ್ಥಾಪನೆಗೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ನಿರಾಕ್ಷೇಪಣಾ ಪತ್ರ ನೀಡುವುದಿಲ್ಲ, ತೆರಿಗೆ ಅಥವಾ ಶುಲ್ಕವನ್ನೂ ಸಂಗ್ರಹಿಸುವುದಿಲ್ಲ. ಅಂತಹ ಪತ್ರ ತೋರಿಸಿ ಮುಂಗಡ ಹಣ ಕೇಳುವವರಿಗೆ ಹಣ ಕೊಡದೆ ಪೊಲೀಸರಿಗೆ ತಿಳಿಸಬೇಕು. ತಂತಿ ಕಡಿದು ಬಿದ್ದಲ್ಲಿ ಅಥವಾ ಗೋಪುರದಲ್ಲಿ ವಿದ್ಯುತ್ ಸೋರಿಕೆ ಕಂಡಲ್ಲಿ ಮುಟ್ಟದೆ ದೂರವಿದ್ದು, ಮೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡತಕ್ಕದ್ದು. ಸೇವೆಯ ದೋಷದ ಕುರಿತು ಮೊದಲು ಸೇವಾದಾರರ ದೂರು ಕೇಂದ್ರಕ್ಕೆ ತಿಳಿಸಿ ದೂರು ಸಂಖ್ಯೆ ಪಡೆದು ಇಟ್ಟುಕೊಳ್ಳಬೇಕು. ವೇಗ ಕುಸಿದ ದಿನ, ಸಮಯ ಹಾಗೂ ಆಗ ವಿದ್ಯುತ್ ಇತ್ತೇ ಇಲ್ಲವೇ ಎಂಬುದನ್ನು ಬರೆದಿಟ್ಟುಕೊಂಡು ದೂರಿನಲ್ಲಿ ನಮೂದಿಸಿದರೆ, ದೋಷವು ಬ್ಯಾಟರಿಯದೋ ಗಡಿಯಾರದ್ದೋ ಎಂಬುದನ್ನು ಬೇಗನೆ ಗುರುತಿಸಲು ಸಹಾಯವಾಗುತ್ತದೆ.