ಹಳೆಯ ಮನೆ, ಹೊಸ ಹೂವು

ಶಾಸನ, ನಾಣ್ಯ, ಕಾಗದಪತ್ರಗಳು ಚರಿತ್ರೆಯ ಆಧಾರಗಳೆಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ಹೂವೂ ಈ ಸಾಲಿಗೆ ಸೇರಬಲ್ಲುದೆಂಬುದಕ್ಕೆ ಅಮೆರಿಕೆಯ ವಿಲಿಯಮ್ಸ್‌ಬರ್ಗ್ ಪಟ್ಟಣವು ಒಳ್ಳೆಯ ನಿದರ್ಶನ.

1699ರಿಂದ 1780ರವರೆಗೆ ಈ ಊರು ವರ್ಜೀನಿಯಾದ ರಾಜಧಾನಿಯಾಗಿದ್ದಿತು. ಆ ಪದವಿಯು ರಿಚ್ಮಂಡ್ ನಗರಕ್ಕೆ ಹೋದ ಬಳಿಕ ಊರು ಕಳೆಗುಂದಿತು. 1781ರಲ್ಲಿ ಗವರ್ನರರ ಅರಮನೆಯೂ ಬೆಂಕಿಗೆ ಆಹುತಿಯಾಯಿತು. 1926ರಲ್ಲಿ ಗುಡ್ವಿನ್ ಎಂಬ ಪಾದ್ರಿಯ ಪ್ರೇರಣೆಯಿಂದಲೂ ರಾಕ್‌ಫೆಲರನ ಧನಸಹಾಯದಿಂದಲೂ ಜೀರ್ಣೋದ್ಧಾರವು ಮೊದಲಾಯಿತು. 1934ರಲ್ಲಿ ಅರಮನೆಯು ಪುನಃ ಎದ್ದುನಿಂದಿತು.

ಆದರೆ ಗೋಡೆ, ಮೇಜು, ಕುರ್ಚಿಗಳಿದ್ದ ಮಾತ್ರಕ್ಕೆ ಮನೆಗೆ ಜೀವ ಬಾರದು. ಮೇಜಿನ ಮೇಲೆ ಅಂದು ಕೊಯ್ದ ಹೂಗಳಿದ್ದರೆ, ಮನೆಯಾಕೆ ಈಗತಾನೆ ಒಳಗೆ ಹೋದಳೇನೋ ಎಂದು ನೋಡುವವರಿಗೆ ಭಾಸವಾಗುತ್ತದೆ. ಇಲ್ಲಿನ ಮನೆಗಳಲ್ಲಿ ಹೂ ಜೋಡಿಸುತ್ತಿದ್ದ ಲೂಯಿಸ್ ಫಿಷರ್ ಎಂಬಾಕೆ 1951ರಲ್ಲಿ ಈ ವಿಷಯವಾಗಿ ಒಂದು ಪುಸ್ತಕವನ್ನೇ ಬರೆದರು.

ಯಾವ ಹೂವನ್ನು ಇಡಬೇಕು? ಪ್ರಶ್ನೆ ಇರುವುದು ಇಲ್ಲಿಯೇ. ಕಣ್ಣಿಗೆ ಅಂದವಾದುದೆಲ್ಲ ಕಾಲಕ್ಕೆ ಒಪ್ಪುವುದಿಲ್ಲ. 1770ರ ಕೋಣೆಯಲ್ಲಿ ಡೇಲಿಯಾ ಇಟ್ಟರೆ ಅದು ಸುಳ್ಳು. ಮೆಕ್ಸಿಕೋದ ಆ ಗಿಡವು ಯೂರೋಪನ್ನು ಸೇರಿದುದೇ 1789ರಲ್ಲಿ. ಇಂಥ ನಿರ್ಣಯಕ್ಕೆ ಹಳೆಯ ಬರಹಗಳು ನೆರವಾಗುತ್ತವೆ. ಲಂಡನ್ನಿನ ಸಸಿ ವ್ಯಾಪಾರಿ ರಾಬರ್ಟ್ ಫರ್ಬರನು 1730ರಲ್ಲಿ ತಿಂಗಳಿಗೊಂದರಂತೆ ಹನ್ನೆರಡು ಹೂಚಿತ್ರಗಳನ್ನು ಅಚ್ಚುಹಾಕಿಸಿದನು. ಅವುಗಳಲ್ಲಿ 400ಕ್ಕೂ ಹೆಚ್ಚು ಬಗೆಯ ಹೂಗಳಿವೆ. ವಿಲಿಯಮ್ಸ್‌ಬರ್ಗಿನ ಜಾನ್ ಕಸ್ಟಿಸನು ಲಂಡನ್ನಿನ ಪೀಟರ್ ಕಾಲಿನ್ಸನನೊಡನೆ ನಡೆಸಿದ ಪತ್ರವ್ಯವಹಾರವು ಕಡಲಾಚೆಗೂ ಈಚೆಗೂ ಯಾವ ಬೀಜ, ಯಾವ ಗೆಡ್ಡೆ ಹೋಗಿ ಬಂದಿತೆಂಬುದನ್ನು ತಿಳಿಸುತ್ತದೆ.

ತಾಜಾ ಹೂವಿನಿಂದ ಅಪಾಯವೂ ಇಲ್ಲದಿಲ್ಲ. ಚೆಲ್ಲಿದ ನೀರು ಹಳೆಯ ಮರವನ್ನು ಕೆಡಿಸುತ್ತದೆ, ಪರಾಗವು ಬಟ್ಟೆಗೆ ಕಲೆ ಹಚ್ಚುತ್ತದೆ, ಹೂವಿನೊಡನೆ ಹುಳುವೂ ಒಳಸೇರುತ್ತದೆ. ಆದುದರಿಂದ ಎಚ್ಚರ ಅವಶ್ಯ.

ಇದಕ್ಕಿಂತ ಹಿರಿದಾದ ಎಚ್ಚರ ಇನ್ನೊಂದುಂಟು. ಆ ಕಾಲದಲ್ಲಿ ಊರಿನ ಸುಮಾರು ಅರ್ಧದಷ್ಟು ಜನ ಗುಲಾಮರಾಗಿದ್ದರು. ಮೇಜಿನ ಹೂವು ಮನೆಯೊಡತಿಯ ಅಭಿರುಚಿಯನ್ನು ಮಾತ್ರ ನೆನಪಿಗೆ ತಂದು, ಮಣ್ಣಗೆದು ನೀರೆರೆದ ಕೈಗಳನ್ನು ಮರೆಸಿದರೆ, ಆ ಚರಿತ್ರೆ ಅರ್ಧಸತ್ಯವಾಗುವುದು.

ನಮ್ಮ ಶಾಲೆಗಳಿಗೂ ಇದರಲ್ಲಿ ಪಾಠವುಂಟು. ಹಬ್ಬದ ತೋರಣಕ್ಕೆ ನಾವು ಕಟ್ಟುವ ಚೆಂಡುಹೂವಿನ ತವರೂ ಮೆಕ್ಸಿಕೋ ಕಡೆಯ ನಾಡೇ. ಅದು ಇತ್ತ ಬಂದುದು ಪೋರ್ಚುಗೀಸರ ಕಾಲದಲ್ಲಿ. ಮಕ್ಕಳು ಹೊಯ್ಸಳ ದೊರೆಯ ನಾಟಕವಾಡುವಾಗ ಅರಸನ ಕೊರಳಿಗೆ ಚೆಂಡುಹೂವಿನ ಮಾಲೆ ಬೇಡ. ಮಲ್ಲಿಗೆಯಿದೆ, ಸಂಪಿಗೆಯಿದೆ. ಏಕೆಂದು ಮಕ್ಕಳು ಕೇಳಿದರೆ, ಅಂದಿನ ಚರಿತ್ರೆಯ ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು.