ಕತ್ತಿನ ಮಣಿ ಜರುಗುವಿಕೆ

ಕತ್ತಿನ 7 ಮೂಳೆಮಣಿಗಳ ಸಹಜ ಬಾಗು ಕಳೆಯುವುದು, ಇಲ್ಲವೇ ಒಂದು ಮಣಿ ಇನ್ನೊಂದರ ಮೇಲಿಂದ ಹಿಂದಕ್ಕೋ ಮುಂದಕ್ಕೋ ಸರಿಯುವುದು. ಸವೆತ, ಅಪಘಾತ, ಸಂಧಿವಾತ ಮುಖ್ಯ ಕಾರಣಗಳು. ತಲೆಹೊರೆ ನೋವನ್ನು ಹೆಚ್ಚಿಸುತ್ತದೆ. ಸೋಮನಾಥಪುರದ 13ನೆಯ ಶತಮಾನದ ಕೇಶವ ದೇವಾಲಯದಲ್ಲಿ ಕೆತ್ತನೆಯ ಒಳಛಾವಣಿಯನ್ನು ಬಹಳ ಹೊತ್ತು ತಲೆಯೆತ್ತಿ ನೋಡುವವರಿಗೆ, ಮಣಿ ಮೊದಲೇ ಸವೆದಿದ್ದರೆ, ನರ ಒತ್ತಿ ತೋಳು ಜೋಮು ಹಿಡಿಯಬಹುದು.

ಬಿಗಿತ, ತಲೆನೋವು, ಭುಜದ ಸೆಳೆತ ಸಾಮಾನ್ಯ. ಮಣಿ ಜರುಗದೆ ಬರಿಯ ಉಳುಕಾಗಿದ್ದರೆ ಬಹುಪಾಲು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ.

ಕ್ಷೌರದಂಗಡಿಯಲ್ಲಿ ಕತ್ತು ತಿರುಚಿ ನೆಟಿಗೆ ತೆಗೆಸುವುದನ್ನು ಬಿಡಲೇಬೇಕು: 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಇದರಿಂದ ಕತ್ತಿನ ರಕ್ತನಾಳ ಹರಿದು ಪಾರ್ಶ್ವವಾಯು ಬಡಿಯಿತು.

ಕೈ ಬಲ ಕುಂದಿದರೆ, ನಡಿಗೆ ತೊಡರಿದರೆ, ಮೂತ್ರದ ಹಿಡಿತ ತಪ್ಪಿದರೆ, ನೋವಿನ ಜತೆ ಜ್ವರವಿದ್ದರೆ ತಡಮಾಡದೆ ಆಸ್ಪತ್ರೆಗೆ, ಸೋಮನಾಥಪುರದ ಸುತ್ತಲಿನವರಾದರೆ ತಿ. ನರಸೀಪುರದ ತಾಲ್ಲೂಕು ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ, ಹೋಗಬೇಕು. ಬಿದ್ದು ಪೆಟ್ಟಾದವರ ಕತ್ತನ್ನು ಅಲುಗಿಸಕೂಡದು.